ಹಾಡಿನೊಳಗಿನ ಸಿದ್ದಣ್ಣ

ಜುಲೈ 9, 2024

ಈ ಡೈರಿಯನ್ನು ಮಗಳು ಶ್ವೇತಾ ನರಗುಂದದಿಂದ ತಂದುಕೊಟ್ಟದ್ದು ಅವಳ ಅಪ್ಪನ ಗುಳಿಗೆಯ ಹೊತ್ತು ಬರೆದಿಡಲಿಕ್ಕೆ. ಗುಳಿಗೆ ನನ್ನ ತಲೆಯಲ್ಲೇ ಇರುತ್ತದೆ. ಇಷ್ಟು ವರ್ಷ ಸೀರೆ ಅಂಗಡಿಯಲ್ಲಿ ಕೂತವಳು ನಾನು, ಯಾವ ಗಂಟಿನಲ್ಲಿ ಯಾವ ಅಂಚಿನ ಸೀರೆ ಇದೆ ಎಂದು ಕಣ್ಣು ಮುಚ್ಚಿ ಹೇಳುತ್ತೇನೆ. ಆದ್ದರಿಂದ ಇಲ್ಲಿ ಬೇರೆಯದನ್ನೇ ಬರೆಯುತ್ತೇನೆ. ಯಾರೂ ಓದುವುದು ಬೇಡ.

ಇವತ್ತು ಅಂಗಡಿಯಲ್ಲಿ ಸೀರೆ ಮಡಚುತ್ತ ಕೆಲಸದ ಹುಡುಗಿ ನಾಜಮೀನ ಮೊಬೈಲಿನಲ್ಲಿ ಹಾಡು ಹಚ್ಚಿದ್ದಳು. ಕೆಲವು ದಿನಗಳಿಂದ ಎಲ್ಲಿ ಹೋದರೂ ಅದೇ ಹಾಡು. ರೋಣದ ಬಸ್ಸಿನಲ್ಲಿ ಅದೇ, ಟ್ರ್ಯಾಕ್ಟರಿನಲ್ಲಿ ಅದೇ, ಎದುರಿನ ಚಹಾದಂಗಡಿಯಲ್ಲೂ ಅದೇ. ನಾನು ಮಾತುಗಳಿಗೆ ಕಿವಿಗೊಟ್ಟಿರಲಿಲ್ಲ. ನಡುವೆ ಒಂದು ಪೀಪಿ ಕಿರಿಚುತ್ತದೆ, ನನಗೆ ತಲೆಶೂಲೆ ಬರುತ್ತದೆ.

"ಬಂದ್ ಮಾಡವಾ ಅದನ್ನ" ಎಂದೆ.

"ಅಕ್ಕಾರ, ಇದರಾಗ ನಮ್ಮೂರ ಹೆಸರು ಬರ್ತೈತ್ರಿ. ಇಲ್ಲಿ ಕೇಳ್ರಿ" ಎಂದು ಫೋನನ್ನು ನನ್ನ ಕಿವಿಗೇ ಹಿಡಿದಳು.

ಗಜೇಂದ್ರಗಡದ ಸಿದ್ದಣ್ಣಾ, ಮಣ್ಣಾಗ ಮಲಗೀಯೋ,
ಎಂಬತ್ತೇಳರ ಬ್ಯಾಸಿಗ್ಯಾಗ ಉಸುರ ಮರತೀಯೋ.

ಹಾಡಿನ ಹೆಸರು 'ಖಾಲಿ ಕುರ್ಚಿ'. ಹುಬ್ಬಳ್ಳಿಯ ಆಸಿಫಾ ಎಂಬ ಹುಡುಗಿ ಬರೆದು ಹಾಡಿದ್ದಂತೆ. ಒಂದು ಕಾಲಕ್ಕೆ ಮುಂಬೈಯ ಹೋಟೆಲ್ಲಿನಲ್ಲಿ ಜಾಜ್ ನುಡಿಸುತ್ತಿದ್ದ, ಈಗ ತೀರಿಹೋದ ಮೂವರ ಮೇಲೆ ಕಟ್ಟಿದ್ದು. ಒಬ್ಬ ಡ್ರಮ್ಮಿನ ಪೆದ್ರು, ಗೋವೆಯವನು. ಇನ್ನೊಬ್ಬ ಟ್ರಂಪೆಟ್ಟಿನ ದಾವಲಸಾಬ, ಹುಬ್ಬಳ್ಳಿಯವನು. ಮೂರನೆಯವನು ಸ್ಯಾಕ್ಸೊಫೋನಿನ ಸಿದ್ದಣ್ಣ.

"ಯಾರ್ರಿ ಆ ಸಿದ್ದಣ್ಣ?" ಎಂದು ನಾಜಮೀನ ಕೇಳಿದಳು. ಅಂಚು ಸರಿ ಕೂಡಿಸು ಎಂದು ಗದರಿದೆ.

ನನ್ನ ಗಂಡನ ಹೆಸರು ಸಿದ್ದಾರೂಢ. ಮದುವೆಗೆ ಮುಂಚೆ ಮನೆ ಬಿಟ್ಟು ಓಡಿಹೋಗಿ ಮುಂಬೈಯಲ್ಲಿ ಪೀಪಿ ಊದಿಕೊಂಡಿದ್ದವರು ಈ ಊರಿನಲ್ಲಿ ಇವರೊಬ್ಬರೇ. ಆ ಮಾತನ್ನು ಮಾವನವರು ಮನೆಯಲ್ಲಿ ಎತ್ತಗೊಡುತ್ತಿರಲಿಲ್ಲ. ನಾನು ಬಂದ ಮೇಲೆ ಇವರು ಸಿಳ್ಳೆ ಹಾಕಿದ್ದನ್ನೂ ಕೇಳಿಲ್ಲ. ಸೀರೆ ಮಾರುತ್ತಲೇ ಮುದುಕರಾದರು. ಈಗ ಫುಪ್ಪುಸ ಗಟ್ಟಿಯಾಗುತ್ತ ಬಂದಿದೆಯಂತೆ, ಅದಕ್ಕೆ ಔಷಧವಿಲ್ಲವಂತೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಮೂಗಿಗೆ ಆಮ್ಲಜನಕದ ನಳಿಕೆ ಹಾಕಿಕೊಂಡು ಮಲಗಿದ್ದಾರೆ. ಆದರೆ ಸತ್ತಿಲ್ಲ. ಇದ್ದವರನ್ನು ಮಣ್ಣಿನಲ್ಲಿ ಮಲಗಿಸಿ ಹಾಡಿದ ಆ ಹುಡುಗಿ ಕೈಗೆ ಸಿಗಲಿ, ನಾಲಿಗೆಗೆ ಬರೆ ಹಾಕುತ್ತೇನೆ.

ಜುಲೈ 12

ಶ್ವೇತಾಗೆ ಫೋನಿನಲ್ಲಿ ಎಲ್ಲ ಹೇಳಿದೆ. ಅಪ್ಪನಿಗೆ ತಿಳಿಯುವುದು ಬೇಡ ಎಂದೂ ಹೇಳಿದೆ. ಇಂಥ ಅಪಶಕುನದ ಮಾತು ಕಾಯಿಲೆಯವರ ಕಿವಿಗೆ ಬೀಳಬಾರದು.

ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದೆ. ಎದುರಿನ ಚಹಾದಂಗಡಿಯಲ್ಲಿ ಹಾಡು ಶುರುವಾಯಿತು. ನಾನು ಎದ್ದು ಕಿಟಕಿ ಹಾಕಲು ಹೋದೆ.

"ಇರ್ಲಿ ಬಿಡು" ಎಂದರು. "ಮೂರನೇ ನುಡಿ ಬರೂದೈತಿ. ಅದು ನಂದು."

ಅವರಿಗೆ ನನಗಿಂತ ಮೊದಲೇ ಗೊತ್ತಿತ್ತು. ಅವರ ಕಣ್ಣಲ್ಲಿ ನೀರಿತ್ತು, ಆದರೆ ತಮ್ಮ ಸಲುವಾಗಿ ಅಲ್ಲ. "ಪೆದ್ರು, ದಾವಲಸಾಬ ಹೋದದ್ದು ಈ ಹಾಡಿನ್ಯಾಗ ಕೇಳೇ ಗೊತ್ತಾತು ನೋಡು" ಎಂದರು. ಆಮೇಲೆ ಗಂಜಿ ಕುಡಿಯಲಿಲ್ಲ.

ಜುಲೈ 16

ಶ್ವೇತಾ ಆ ಹುಡುಗಿಯನ್ನು ಹುಡುಕಿದ್ದಾಳೆ. ಈಗಿನ ಹುಡುಗರಿಗೆ ಮೊಬೈಲೊಂದಿದ್ದರೆ ಸಾಕು, ಯಾರನ್ನಾದರೂ ಹಿಡಿದು ತರುತ್ತಾರೆ. ಸಿದ್ದಣ್ಣ ಜೀವಂತ ಇದ್ದಾರೆ ಎಂದ ಕೂಡಲೇ ಫೋನಿನಲ್ಲಿಯೇ ಅತ್ತಳಂತೆ. ಭಾನುವಾರ ಬರುತ್ತಾಳೆ. ಅಳುವುದೇನು ದೊಡ್ಡದು, ನಾನು ಅಷ್ಟಕ್ಕೆ ಕರಗುವವಳಲ್ಲ.

ಜುಲೈ 21

ಆಸಿಫಾ ಬಂದು ಹೋದಳು. ಸಣ್ಣ ಹುಡುಗಿ, ಸೊರಗಿದ ಮುಖ, ಚಪ್ಪಲಿಯನ್ನು ಬೀದಿಯಲ್ಲೇ ಬಿಟ್ಟು ಒಳಗೆ ಬಂದಳು. ಬಂದವಳೇ ಇವರ ಕಾಲು ಹಿಡಿದಳು. ನಾನು ಅಂದುಕೊಂಡ ಬಯ್ಗುಳ ಒಂದೂ ಬಾಯಿಗೆ ಬರಲಿಲ್ಲ.

ಟ್ರಂಪೆಟ್ಟಿನ ದಾವಲಸಾಬ ಅವಳ ಅಜ್ಜ. ಹೋದ ವರ್ಷ ತೀರಿಕೊಂಡರು. ಸಾಯುವ ಮುಂಚೆ ದಿನಾಲೂ ಬ್ಯಾಂಡಿನ ಗೆಳೆಯರದೇ ಮಾತಂತೆ, ಅದನ್ನೇ ಇವಳು ಹಾಡು ಮಾಡಿದ್ದಾಳೆ. ಅವರ ಬ್ಯಾಂಡಿನಲ್ಲಿ ಒಂದು ಪದ್ಧತಿ ಇತ್ತು. ಯಾರಾದರೂ ಊರಿಗೆ ಹೋದರೆ, ಎಷ್ಟು ತಿಂಗಳಾಗಲಿ, ಅವರ ಕುರ್ಚಿಯಲ್ಲಿ ಮತ್ತೊಬ್ಬರನ್ನು ಕೂಡಿಸುತ್ತಿರಲಿಲ್ಲ. ಸತ್ತರೆ ಮಾತ್ರ ಅವರ ವಾದ್ಯವನ್ನು ಒಂದು ಸಂಜೆ ಕುರ್ಚಿಯ ಮೇಲಿಟ್ಟು, ಉಳಿದವರು ನುಡಿಸಿ, ಮರುದಿನ ಹೊಸಬನನ್ನು ತರುತ್ತಿದ್ದರು.

"ನಿಮ್ಮ ಸ್ಯಾಕ್ಸೊಫೋನ್ ಕುರ್ಚಿ ಮ್ಯಾಲಿಟ್ಟು ನುಡಿಸಿದ್ವಿ ಅಂತ ಅಜ್ಜ ಹೇಳ್ತಿದ್ರು ಅಜ್ಜಾರ. ನೀವು ತೀರಿಕೊಂಡ್ರಿ ಅಂತ ನಿಮ್ಮ ಮನಿಯಿಂದ ತಾರ್ ಬಂದಿತ್ತಂತ್ರಿ."

ನಾನು ಸಿಟ್ಟಿಗೆದ್ದೆ. ಇದು ಮಾವನವರದೇ ಕೆಲಸ, ಮಗನನ್ನು ಕಟ್ಟಿಹಾಕಲು ಮಗ ಸತ್ತನೆಂದು ಬರೆಯುವುದಕ್ಕೂ ಹೇಸದ ಮನುಷ್ಯ ಎಂದು ಬಾಯಿಬಿಟ್ಟು ಹೇಳಿಯೂಬಿಟ್ಟೆ.

"ಅಪ್ಪ ಅಲ್ಲ" ಎಂದರು ಇವರು. "ನಾನ ಕಳಿಸಿದ್ದು. ಇಲ್ಲಿ ಪೋಸ್ಟಿನ್ಯಾಗ ಕೊಟ್ರ ಊರಿಗೆಲ್ಲಾ ಗೊತ್ತಾಗ್ತೈತಿ ಅಂತ ಗದಗಕ್ಕ ಹೋಗಿ ಕಳಿಸಿದ್ದೆ."

ಉಸಿರಿಗೆ ತಡವರಿಸಿ, ನಿಂತು ನಿಂತು ಹೇಳಿದರು. ಅಣ್ಣ ಹಾವು ಕಚ್ಚಿ ಸತ್ತನೆಂದು ಊರಿಗೆ ಬಂದಿದ್ದರು, ಅಂಗಡಿಗೆ ಕೂಡುವವರಿರಲಿಲ್ಲ, ಇಬ್ಬರು ತಂಗಿಯರ ಲಗ್ನ ಆಗಬೇಕಿತ್ತು. "ಬರಂಗಿಲ್ಲ ಅಂತ ತಾರ್ ಕೊಟ್ಟಿದ್ರ ಪೆದ್ರು ಕರಿಯಾಕ ಬಂದಬಿಡ್ತಿದ್ದ. ಅವನ ಮಾರಿ ನೋಡಿದ್ರ ನಾನೂ ಎದ್ದು ಹೋಗತಿದ್ದೆ. ಬರತೀನಿ ಅಂತ ಕೊಟ್ಟಿದ್ರ ಕುರ್ಚಿ ಖಾಲಿ ಇಟ್ಕೊಂಡು ಕಾಯ್ತಿದ್ರು, ಬ್ಯಾಂಡ್ ಮುರೀತಿತ್ತು. ಸತ್ತೆ ಅಂದ್ರ ಅವರಿಗೂ ನನಗೂ ಬಿಡುಗಡಿ."

ಆಸಿಫಾ ಸಾಲು ಬದಲಾಯಿಸಿ ಮತ್ತೆ ಹಾಡುತ್ತೇನೆ ಎಂದಳು. ಇವರು ತಲೆ ಅಲ್ಲಾಡಿಸಿದರು. "ಬ್ಯಾಡವಾ ತಂಗಿ. ಚಲೋ ಹಾಡೀದಿ. ಖರೇನ ಐತಿ ಅದು. ಹಾಂಗ ಇರ್ಲಿ."

ಅವಳಿಗೆ ಊಟಕ್ಕೆ ಹಾಕಿ ಬಸ್ಸಿಗೆ ಕಳಿಸಿದೆ. ಪಾತ್ರೆ ತಿಕ್ಕುವಾಗ ಹೊಳೆಯಿತು. ಎಂಬತ್ತೇಳರ ಬೇಸಿಗೆ. ಶಿರೋಳದ ನಮ್ಮ ತವರುಮನೆಯ ಮುಂದೆ ಲಗ್ನದ ಹಂದರ ಹಾಕಿದ್ದು ಅದೇ ಬೇಸಿಗೆಯಲ್ಲಿ. ನನಗೆ ಅರಿಷಿಣ ಹಚ್ಚುವ ಹೊತ್ತಿಗೆ ಇವರು ಗದಗದಲ್ಲಿ ತಮ್ಮ ಸಾವಿನ ಸುದ್ದಿ ಬರೆಸುತ್ತಿದ್ದರು.

ಜುಲೈ 23

ಮಾತಾಡಿಲ್ಲ. ಗುಳಿಗೆ ಕೊಟ್ಟೆ.

ಜುಲೈ 24

ಇವತ್ತೂ ಇಲ್ಲ. ಹೆಣದ ಜೊತೆ ಏನು ಮಾತು.

ಜುಲೈ 27

ಕೇಳಿಯೇಬಿಟ್ಟೆ. ನೀರು ಕಾಸಿ ಮೈ ಒರೆಸುತ್ತಿದ್ದೆ, ಬೆನ್ನು ನನ್ನ ಕಡೆಗಿತ್ತು. ಮುಖ ಎದುರಿಗಿದ್ದರೆ ಕೇಳುತ್ತಿರಲಿಲ್ಲವೇನೋ.

"ಖರೇ ಹೇಳ್ರಿ. ಇಷ್ಟ ವರ್ಷ ನಾ ಹೆಣದ ಕೂಡ ಬಾಳ್ವಿ ಮಾಡೀನೇನು?"

"ಹೆಣ ಎಲ್ಲ್ಯಾರ ಇಷ್ಟ ಜಗಳಾಡ್ತೈತೇನ?" ಎಂದು ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲುವತನಕ ಬೆನ್ನು ಸವರಿದೆ. ಆಮೇಲೆ ತಾವಾಗಿಯೇ ಹೇಳಿದರು.

"ಮೊದಲ ಒಂದೆರಡು ವರ್ಷ ಹೌದು, ಹೆಣಾನ ಕುಂತಿತ್ತು ಗಾದಿ ಮ್ಯಾಲೆ. ಸುಳ್ಳ ಯಾಕ ಹೇಳ್ಲಿ. ಆಮ್ಯಾಲೆ ಹೊಳೆಮಣ್ಣೂರಿನ ಒಬ್ಬ ಹೆಣ್ಣಮಗಳು ಬಂದಿದ್ಲು. ಹೊಳಿ ಬಂದು ಆಕಿ ಮನಿ ಹೋಗಿತ್ತು. ಮಗಳ ಲಗ್ನಕ್ಕ ಒಂದ ಸೀರಿ ಬೇಕಿತ್ತು. ನೀ ಗಂಟ ಬಿಚ್ಚಿ ಬಿಚ್ಚಿ ಅಂಗಡಿ ಎಲ್ಲಾ ಹರವಿದಿ. ಆಕಿ ತಗೊಳ್ಳೂದು ಒಂದ ಅಂತ ನಿನಗ ಗೊತ್ತಿತ್ತು, ಆದ್ರೂ ಇದ ನೋಡ್ರಿ ಅದ ನೋಡ್ರಿ ಅಂತ, ಆಕಿ ನಗೂತನಕ ನೀ ಬಿಡಲಿಲ್ಲ. ನಾ ನೋಡಕೋತ ಕುಂತಿದ್ದೆ. ಆವತ್ತ ಅನಿಸ್ತು, ಇಲ್ಲೇ ಇರೋಣು ಅಂತ."

ನನಗೆ ಆ ಹೆಣ್ಣುಮಗಳ ನೆನಪೇ ಇಲ್ಲ. ಎಷ್ಟು ತಲೆ ಕೆರೆದುಕೊಂಡರೂ ಮುಖ ಬರುತ್ತಿಲ್ಲ. ಸೀರೆ ಹರವುವುದು ನನ್ನ ಕೆಲಸ, ಎಲ್ಲರಿಗೂ ಹರವುತ್ತೇನೆ. ಅಂಗಿ ತೊಡಿಸಿ, ಗುಂಡಿ ಹಾಕಿ, ಒಳಗೆ ಹೋಗಿ ಚೆನ್ನಾಗಿ ಅತ್ತೆ.

ಆಗಸ್ಟ್ 3

ಇವರಿಗೆ ಈಗ ಹುಚ್ಚು ಹಿಡಿದಿದೆ. ಮೊಬೈಲು ಎದೆಯ ಮೇಲಿಟ್ಟುಕೊಂಡು ಜಾಜ್ ಕೇಳುತ್ತಾರೆ, ನನ್ನನ್ನೂ ಕೂಡಿಸಿಕೊಳ್ಳುತ್ತಾರೆ. ಹಳೆಯ ಕಾಲದ ಅಮೆರಿಕದ ಕರಿಯರ ವಾದ್ಯ. ಅವರ ಹೆಸರು ಹೇಳುವಾಗ ಇವರು ಕೈ ಮುಗಿಯುತ್ತಾರೆ. ಅವರ ರಿಕಾರ್ಡುಗಳನ್ನು ಕೇಳಿ ಕೇಳಿಯೇ ಪೆದ್ರು, ದಾವಲಸಾಬ, ಇವರು ಕಲಿತದ್ದಂತೆ.

ಚಪ್ಪಾಳೆ ತಟ್ಟು ಎಂದರು. ನಾನು ಮಠದ ಭಜನೆಯಲ್ಲಿ ತಟ್ಟುವಂತೆ ತಟ್ಟಿದೆ.

"ನೀ ತಾಳದ ಒಂದನೇ ಪೆಟ್ಟಿಗೆ ತಟ್ಟಾಕತ್ತಿ. ಒಂದು ಬಿಟ್ಟಬಿಡು. ಎರಡಕ್ಕ ತಟ್ಟು."

"ಒಂದು ಬಿಟ್ರ ಎರಡು ಹ್ಯಾಂಗ ತಿಳೀಬೇಕ್ರಿ?"

"ಮನಸಿನ್ಯಾಗ ಇರ್ತೈತಿ ಅದು. ಕೈಲೇ ಹೊಡ್ಯಾಕ ಹೋಗಬ್ಯಾಡ."

ಕೈ ತಾನಾಗಿ ಒಂದಕ್ಕೇ ಬೀಳುತ್ತದೆ. ನಾಜಮೀನ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ಗಿರಾಕಿ ಬಂದದ್ದು ಗೊತ್ತಾಗಲೇ ಇಲ್ಲ.

ಆಗಸ್ಟ್ 9

ನಾಗರ ಪಂಚಮಿ. ಶ್ವೇತಾ ಬಂದಿದ್ದಳು. ಇವರಿಗೆ ಒಂದು ಎಳ್ಳುಂಡೆಯ ಚೂರು ನುಂಗಲೂ ಆಗಲಿಲ್ಲ. ಮಾತಾಡುವಾಗ ಈಗ ಮೂರು ಶಬ್ದಕ್ಕೊಮ್ಮೆ ನಿಲ್ಲುತ್ತಾರೆ. ಶ್ವೇತಾ ಅಡುಗೆಮನೆಯಲ್ಲಿ ನನ್ನ ಕೈ ಹಿಡಿದು, "ಅವ್ವಾ, ಡಾಕ್ಟರ್ ದಸರಾ ತನಕಾ ಅಂದಾರ" ಎಂದಳು. ಮುಂದೆ ಹೇಳಲು ನಾನು ಬಿಡಲಿಲ್ಲ.

ಅವಳು ಹೋದ ಮೇಲೆ ಇವರಿಗೆ ತಿಳಿಯದಂತೆ ಹಿತ್ತಲಿಗೆ ಹೋಗಿ ಆಸಿಫಾಗೆ ಫೋನ್ ಮಾಡಿದೆ.

"ಆ ಸಾಲು ತಗದುಬಿಡವಾ."

"ಅಜ್ಜಾರು ಬ್ಯಾಡ ಅಂದಾರಲ್ರಿ ಅಮ್ಮಾರ?"

"ಅವರದು ಖರೇ ಇರಬಹುದು. ನನ್ನ ಗಂಡ ನನ್ನ ಅಂಗಡ್ಯಾಗ ಇದ್ದ ಅಂತ ಯಾರರ ಒಬ್ಬರು ಹಾಡ್ಲಿ. ಅವರು ಇರೂದರಾಗ ಹಾಡು. ಭಾಳ ದಿನ ಇಲ್ಲವಾ."

ಯಾರ ಮುಂದೆಯೂ ಹೀಗೆ ಬೇಡಿಕೊಂಡವಳಲ್ಲ ನಾನು.

ಆಗಸ್ಟ್ 30

ಹೊಸ ಹಾಡು ಬಂತು. ಮೊದಲಿನದನ್ನು ತೆಗೆದು ಇದನ್ನೇ ಹಾಕಿದ್ದಾಳೆ. ದಾವಲಸಾಬ, ಪೆದ್ರು ಇಬ್ಬರ ನುಡಿ ಹಾಗೇ ಇದೆ. ಮೂರನೆಯದು ಬದಲಾಗಿದೆ.

ಗಜೇಂದ್ರಗಡದ ಸಿದ್ದಣ್ಣಾ, ಸೀರಿ ಅಂಗಡ್ಯಾಗ ಅದಾನೋ,
ಕೇಳಾಕ ಯಾರರ ಬಂದರ ಕುಂದ್ರಂತ ಹೇಳತಾನೋ.

ಬಯ್ಯುತ್ತಾರೆ ಎಂದು ಹೆದರಿಕೊಂಡೇ ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ ಒಂದು ಕಣ್ಣು ತೆರೆದು ನನ್ನನ್ನು ನೋಡಿದರು.

"ತಪ್ಪ ಹಾಡ್ಯಾಳ. ಕುಂದರ್ರಿ ಅಂತ ನಾ ಯಾವಾಗ ಯಾರಿಗೆ ಹೇಳೀನಿ? ಅದು ನೀ ಹೇಳೂ ಮಾತು."

"ಹಂಗಾರ ತಗಸಲೇನ್ರಿ?"

"ಇನ್ನೊಮ್ಮಿ ಹಚ್ಚು" ಎಂದರು.

ಸೆಪ್ಟೆಂಬರ್ 11

ಹಳೆಯ ಹಾಡಿಗಿಂತ ಇದು ಜೋರಾಗಿ ಓಡಿದೆ. ಸತ್ತವನು ಬದುಕಿದ್ದಾನೆ ಎಂದರೆ ಜನರಿಗೆ ಬಲು ಖುಷಿಯೇನೋ. ದಿನಾಲೂ ಯಾರಾದರೂ ಬರುತ್ತಾರೆ. ನರಗುಂದದಿಂದ, ರೋಣದಿಂದ, ಇವತ್ತು ಬಾಗಲಕೋಟೆಯಿಂದಲೂ ಬಂದಿದ್ದರು. ಹೊಸ್ತಿಲಲ್ಲೇ ನಿಂತು ಎಲ್ಲರದೂ ಅದೇ ಮಾತು, "ಸಿದ್ದಣ್ಣ ಅದಾರೇನ್ರಿ?" ನಾನು, "ಅದಾರ, ಕುಂದರ್ರಿ" ಎನ್ನುತ್ತೇನೆ. ಹೀಗೆ ಹೇಳುವಾಗ ನನಗೆ ಎಂಥ ಜಂಬ ಬರುತ್ತದೆ ಎಂದರೆ, ಯಾರಾದರೂ ನೋಡಿದರೆ ನಾಚಿಕೆಯಾಗಬೇಕು.

ಇವರ ಮಂಚವನ್ನು ಅಂಗಡಿಗೇ ತಂದು ಹಾಕಿಸಿದ್ದೇನೆ, ಆಮ್ಲಜನಕದ ಮಷೀನೂ ಪಕ್ಕದಲ್ಲಿ. ರಾಜೂರಿನ ಬ್ಯಾಂಡ್ ಕಂಪನಿಯವನೊಬ್ಬ ಸ್ಯಾಕ್ಸೊಫೋನ್ ತಂದು ಇವರ ಮುಂದಿಟ್ಟ. ಇವರು ಅದನ್ನು ತೊಡೆಯ ಮೇಲಿಟ್ಟುಕೊಂಡರು. ಊದಲಿಲ್ಲ, ಎಲ್ಲಿಯ ಉಸಿರು. ಬರೇ ಬೆರಳು ಆಡಿಸಿದರು. ಗುಂಡಿಗಳ ಟಕಟಕ ಸಪ್ಪಳವಷ್ಟೇ. ಆ ಹುಡುಗ ಬಗ್ಗಿ ಬೆರಳುಗಳನ್ನೇ ನೋಡುತ್ತಿದ್ದ, ನಾನೂ ನೋಡಿದೆ. ಇಷ್ಟು ವರ್ಷ ಸೀರೆಯ ನೆರಿಗೆ ಹಿಡಿದ ಬೆರಳುಗಳವು. ಇಂಥದ್ದೂ ಅವಕ್ಕೆ ಬರುತ್ತಿತ್ತು ಎಂದು ಯಾರೂ ನನಗೆ ಹೇಳಿರಲಿಲ್ಲ. ನಾನೂ ಕೇಳಲಿಲ್ಲ.

ಸೆಪ್ಟೆಂಬರ್ 26

ಗದಗಿನ ದವಾಖಾನೆ. ಹೊರಗಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಒಳಗೆ ಬಿಡುತ್ತಿಲ್ಲ.

ಸೆಪ್ಟೆಂಬರ್ 29

ಮನೆಗೆ ಕರೆದುಕೊಂಡು ಹೋಗಿ ಎಂದರು. ಅದರ ಅರ್ಥ ನನಗೆ ಗೊತ್ತು.

ಅಕ್ಟೋಬರ್ 2

ಇವತ್ತು ಬೆಳಿಗ್ಗೆ ಹೋದರು. ಚಹಾ ಆರುತ್ತಿತ್ತು.

ಅಕ್ಟೋಬರ್ 6

ಏನು ಬರೆಯಲಿ. ಕೂಡಿಸಿ, ವಿಭೂತಿ ಹಚ್ಚಿ, ಹೂವಿನ ವಿಮಾನ ಕಟ್ಟಿ ಮಣ್ಣಿಗೆ ಕಳಿಸಿದರು. ಮಠದ ಭಜನೆಯವರು ಬಂದಿದ್ದರು. ಅವರ ಹಿಂದೆ ರಾಜೂರಿನ ಬ್ಯಾಂಡ್ ಕಂಪನಿಯವರು ಕರೆಯದೆ ಬಂದು ನಿಂತರು, ಆಸಿಫಾಳ ಹಾಡಿನ ಧಾಟಿಯನ್ನು ನಿಧಾನಕ್ಕೆ ಊದಿದರು. ಅದರಲ್ಲಿ ಮಾತಿರಲಿಲ್ಲ. ಮಣ್ಣಾಗ ಮಲಗೀಯೋ ಎಂದು ಕೆಲವರ ತುಟಿ ಆಡುತ್ತಿತ್ತು, ಅಂಗಡ್ಯಾಗ ಅದಾನೋ ಎಂದು ಕೆಲವರದು. ಶ್ವೇತಾ ನನ್ನ ಕೈ ಗಟ್ಟಿಯಾಗಿ ಹಿಡಿದು, "ಅವ್ವಾ, ಸಾಕು" ಎಂದಳು. ನಾನು ಚಪ್ಪಾಳೆ ತಟ್ಟುತ್ತಿದ್ದೆನಂತೆ. ಭಜನೆಯವರ ಜೊತೆ ಅಲ್ಲ, ಅವರು ಒಂದಕ್ಕೆ ತಟ್ಟಿ ಬಿಟ್ಟ ಮೇಲೆ, ಎರಡಕ್ಕೆ.

ಅಕ್ಟೋಬರ್ 21

ಅಂಗಡಿ ತೆರೆದೆ. ತೆರೆಯದೆ ಕೂತು ಏನು ಮಾಡಲಿ.

ಜನ ಬರುವುದು ನಿಂತಿಲ್ಲ. ಸುದ್ದಿ ಎಲ್ಲರಿಗೂ ಮುಟ್ಟುವುದಿಲ್ಲ, ಹಾಡು ಮುಟ್ಟುತ್ತದೆ. "ಸಿದ್ದಣ್ಣ ಅದಾರೇನ್ರಿ?" ಎಂದು ನಗುತ್ತ ಬರುತ್ತಾರೆ. ಹೋದರು ಎನ್ನುತ್ತೇನೆ. ಮುಖ ಬಾಡುತ್ತದೆ. ಯಾವಾಗ, ಹೇಗೆ ಎಂದು ಕೇಳುತ್ತಾರೆ, ಮತ್ತೆ ಮೊದಲಿನಿಂದ ಹೇಳುತ್ತೇನೆ. ಇವತ್ತು ಒಬ್ಬ, "ಹಾಡಿನ್ಯಾಗ ಅದಾನ ಅಂತಾರಲ್ರಿ ಮತ್ತ?" ಎಂದು ನನ್ನ ಮೇಲೆಯೇ ಸಿಟ್ಟಾದ. ನಾನೇ ಬೇಡಿ ಹಾಕಿಸಿದ ಸಾಲು. ಒಂದೊಂದು ದಿನ ಅವರನ್ನು ಎರಡೆರಡು ಸಲ ಮಣ್ಣು ಮಾಡಿದಂತಾಗುತ್ತದೆ.

ಅಕ್ಟೋಬರ್ 25

ಆಸಿಫಾ ಫೋನ್ ಮಾಡಿದ್ದಳು. "ಅಮ್ಮಾರ, ಹಳೇ ಸಾಲು ಮತ್ತ ಹಾಕಲೇನ್ರಿ? ನೀವು ಹೆಂಗ ಹೇಳ್ತೀರಿ ಹಂಗ."

ಇವರನ್ನು ಕೇಳಿ ಹೇಳುತ್ತೇನೆ ಎಂದುಬಿಟ್ಟೆ.

ನವೆಂಬರ್ 13

ಲಗ್ನದ ಗಿರಾಕಿ ಶುರುವಾಗಿದೆ. ಮಧ್ಯಾಹ್ನ ಸ್ವಲ್ಪ ಬಿಡುವಿತ್ತು. ಕಾಲೇಜಿನ ಮೂವರು ಬಂದರು, ಇಬ್ಬರು ಹುಡುಗಿಯರು, ಒಬ್ಬ ಹುಡುಗ. ನರಗುಂದದ ಕಡೆಯವರಂತೆ. ಬಿಸಿಲಿನಲ್ಲಿ ಬಂದು ಮುಖ ಕೆಂಪಾಗಿತ್ತು. ಅವರಲ್ಲಿ ದೊಡ್ಡ ಹುಡುಗಿ ಹೊಸ್ತಿಲ ಹೊರಗೇ ನಿಂತು ಮೆಲ್ಲಗೆ ಕೇಳಿದಳು.

"ಅಮ್ಮಾರ, ಸಿದ್ದಣ್ಣ ಅದಾರೇನ್ರಿ?"

ನಾಜಮೀನ ಕೈಯಲ್ಲಿದ್ದ ಸೀರೆ ಕೆಳಗಿಟ್ಟು ಹೇಳಲು ಬಾಯಿ ತೆರೆದಳು. ನಾನು ಹೇಳುವುದು ಬೇಡ ಎಂದು ಈಗೀಗ ಅವಳೇ ಹೇಳುತ್ತಾಳೆ, ಪಾಪ.

"ಊಟಕ್ಕ ಹೋಗ್ಯಾರವಾ" ಎಂದೆ. "ಬರತಾರ. ಕುಂದರ್ರಿ."

ನಾಜಮೀನ ನನ್ನ ಮುಖ ನೋಡಿದಳು. ಆಮೇಲೆ ತಲೆ ಬಗ್ಗಿಸಿ ಮತ್ತೆ ಸೀರೆ ಮಡಚತೊಡಗಿದಳು.

ಅವರು ಕೂತರು. ಎದುರಿನಿಂದ ಚಹಾ ತರಿಸಿದೆ. ಸಿದ್ದಣ್ಣ ಹೇಗೆ, ಸಿಟ್ಟಿನವರೇನು, ನಮ್ಮ ಜೊತೆ ಮಾತಾಡುತ್ತಾರೇನು ಎಂದೆಲ್ಲ ಕೇಳಿದರು. ಮಾತು ಕಮ್ಮಿ, ಆದರೆ ನಗಿಸುತ್ತಾರೆ ಎಂದೆ. ಗಂಜಿಗೆ ಉಪ್ಪು ಕಮ್ಮಿಯಾದರೆ ಹುಬ್ಬು ಏರಿಸುತ್ತಾರೆ ಎಂದೆ. ಬಾಯಿಗೆ ಬಂದದ್ದೆಲ್ಲ ಹೇಳಿದೆ, ಒಂದೂ ಸುಳ್ಳಾಗಿರಲಿಲ್ಲ. ಸೀರೆ ನೋಡ್ರಿ ಎಂದು ನಾಲ್ಕು ಗಂಟು ಬಿಚ್ಚಿ ಹರವಿದೆ. ಅವರು ಆಗಾಗ ಒಳಗಿನ ಬಾಗಿಲ ಕಡೆ ನೋಡುತ್ತಿದ್ದರು. ಸಂಜೆಯಾಯಿತು. ನರಗುಂದದ ಬಸ್ಸು ತಪ್ಪುತ್ತದೆ, ಇನ್ನೊಮ್ಮೆ ಬರುತ್ತೇವೆ ಎಂದು ಎದ್ದರು. ಬರ್ರಿ ಎಂದೆ.

ನಾಜಮೀನ ಹರವಿದ ಸೀರೆಯನ್ನೆಲ್ಲ ಎತ್ತಿಟ್ಟಳು. ಲೈಟು ಒಂದೊಂದಾಗಿ ಆರಿಸಿ, ಷಟರಿನ ಕೊಂಡಿ ಹಿಡಿದು ನಿಂತಳು.

"ಅಕ್ಕಾರ, ಎಳೀಲೇನ್ರಿ?"

ಸ್ವಲ್ಪ ತಡಿ ಎಂದೆ. ಇವರು ಇನ್ನೂ ಊಟ ಮುಗಿಸಿ ಬಂದಿರಲಿಲ್ಲ.